ತೂಕ ಇಳಿಸುವ ಇಂಜೆಕ್ಷನ್: ಮನೆಯಲ್ಲಿರುವ ಮಾತ್ರೆಗಳೊಂದಿಗೆ ಹೊಂದುತ್ತದೆಯೇ?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಬಂದಾಗ ಜಿಲ್ಲೆಯ ಜನ ಎಷ್ಟು ಹೆದರಿದ್ದರೆಂಬುದು ನಿಮಗೆ ನೆನಪಿರಬಹುದು. ಹೃದಯ ಪರೀಕ್ಷೆಗೆಂದು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದವರಲ್ಲಿ ನಮ್ಮವರೂ ಇದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಆದರೆ ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಧೂಮಪಾನದಂತಹ ಹಳೆಯ ಕಾರಣಗಳಿದ್ದವು ಎಂಬುದನ್ನೂ ಹೇಳಿತು.

ಆ ಹೆದರಿಕೆಯಿಂದ ಒಂದು ಒಳ್ಳೆಯದೂ ಆಯಿತು. ತೂಕ ಇಳಿಸಬೇಕು ಎಂಬ ಮಾತು ಮನೆಮನೆಯಲ್ಲಿ ಕೇಳಿಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ಗೆ ಮುಗಿದಿರುವುದರಿಂದ ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದು. ಹೀಗಾಗಿ ದೊಡ್ಡ ನಗರದವರ ಔಷಧವಾಗಿದ್ದದ್ದು ಈಗ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪ್‌ವರೆಗೂ ಬರುತ್ತಿದೆ. ಗಲ್ಫ್‌ನಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಮ್ಮನಿಗೆಂದು ಪೆನ್ ತಂದುಕೊಡುವುದೂ ಉಂಟು.

ಇಂಜೆಕ್ಷನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಈ ಲೇಖನದ ಉದ್ದೇಶವಲ್ಲ. ಸರಿಯಾದ ರೋಗಿಗೆ, ವೈದ್ಯರ ಕಣ್ಗಾವಲಿನಲ್ಲಿ ಅದು ಉಪಯುಕ್ತ ಔಷಧವೇ. ಆದರೆ ಅದನ್ನು ತೆಗೆದುಕೊಳ್ಳುವ ಹೆಚ್ಚಿನವರ ಮನೆಯಲ್ಲಿ ಈಗಾಗಲೇ ಸಕ್ಕರೆ, ಬಿಪಿ, ಥೈರಾಯ್ಡ್, ಮಂಡಿನೋವಿನ ಮಾತ್ರೆಗಳಿವೆ. ಹೊಸ ಇಂಜೆಕ್ಷನ್ ಬಂದಾಗ ಹಳೆಯ ಮಾತ್ರೆಗಳ ಲೆಕ್ಕ ಬದಲಾಗುತ್ತದೆ. ಆ ಲೆಕ್ಕವನ್ನು ಹೇಗೆ ನೋಡಬೇಕೆಂಬುದೇ ಇಲ್ಲಿನ ಪಾಠ.

ಈ ಇಂಜೆಕ್ಷನ್ ದೇಹದಲ್ಲಿ ಏನು ಮಾಡುತ್ತದೆ?

ನಾವು ಉಂಡಾಗ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ. ಅದು ಮೂರು ಕೆಲಸ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಬಿಡುವಂತೆ ಮೇದೋಜೀರಕ ಗ್ರಂಥಿಗೆ ಹೇಳುತ್ತದೆ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುತ್ತದೆ. ಜಠರದಲ್ಲಿರುವ ಆಹಾರ ನಿಧಾನವಾಗಿ ಕೆಳಗಿಳಿಯುವಂತೆ ಮಾಡುತ್ತದೆ. ನಮ್ಮ ದೇಹದ ಈ ಹಾರ್ಮೋನು ಕೆಲವೇ ನಿಮಿಷ ಇರುತ್ತದೆ. ಸೆಮಾಗ್ಲುಟೈಡ್ ಇದೇ ಕೆಲಸವನ್ನು ವಾರವಿಡೀ ಮಾಡುತ್ತದೆ. ಮೌಂಜಾರೋದಲ್ಲಿರುವ ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಬೇರೆ ಔಷಧಗಳೊಂದಿಗೆ ತೊಂದರೆ ಏಕಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಇಂಜೆಕ್ಷನ್ ಸಕ್ಕರೆ ಇಳಿಸುತ್ತದೆ. ಸಕ್ಕರೆ ಇಳಿಸುವ ಬೇರೆ ಮಾತ್ರೆಯೂ ಇದ್ದರೆ ಎರಡೂ ಸೇರಿ ಅತಿಯಾಗಬಹುದು. ಹಸಿವು ಕಡಿಮೆಯಾಗಿ, ವಾಂತಿ ಭೇದಿಯೂ ಆದರೆ ದೇಹದ ನೀರು ಕಡಿಮೆಯಾಗುತ್ತದೆ. ಆಗ ಬಿಪಿ ಮತ್ತು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಭಾರವಾಗುತ್ತವೆ. ಜಠರ ನಿಧಾನವಾದರೆ ನುಂಗಿದ ಮಾತ್ರೆ ರಕ್ತಕ್ಕೆ ಸೇರುವ ಸಮಯವೂ ಬದಲಾಗುತ್ತದೆ. ಕೊನೆಯದಾಗಿ, ತೂಕ ಹತ್ತು ಹದಿನೈದು ಕಿಲೋ ಇಳಿದ ಮೇಲೆ ಹಳೆಯ ತೂಕಕ್ಕೆಂದು ಬರೆದ ಡೋಸ್ ಹೆಚ್ಚಾಗಿರಬಹುದು.

ಇನ್ನೊಂದು ಸಂಗತಿ. ಇಂದು ಇಂಜೆಕ್ಷನ್ ನಿಲ್ಲಿಸಿದರೆ ನಾಳೆ ಅದರ ಪರಿಣಾಮ ನಿಲ್ಲುವುದಿಲ್ಲ. ಸೆಮಾಗ್ಲುಟೈಡ್ ದೇಹದಿಂದ ಪೂರ್ತಿ ಹೋಗಲು ಸುಮಾರು ಐದು ವಾರ ಬೇಕು. ಟಿರ್ಜೆಪಟೈಡ್‌ಗೆ ಸುಮಾರು ಒಂದು ತಿಂಗಳು.

ಸಕ್ಕರೆ ಕಾಯಿಲೆಯ ಮಾತ್ರೆಗಳು

ಮೊದಲು ನೋಡಬೇಕಾದದ್ದು ಗ್ಲಿಮಿಪ್ರೈಡ್, ಗ್ಲಿಕ್ಲಾಝೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಹೆಸರುಗಳನ್ನು. ಇವು ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುವ ಮಾತ್ರೆಗಳು. ಇಂಜೆಕ್ಷನ್‌ನಿಂದ ಊಟ ಅರ್ಧವಾಗಿರುವಾಗ ಹಳೆಯ ಡೋಸ್‌ನಲ್ಲೇ ಈ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಆದ್ದರಿಂದ ಇಂಜೆಕ್ಷನ್ ಆರಂಭಿಸುವ ದಿನವೇ ಇವುಗಳ ಡೋಸ್ ಕಡಿಮೆ ಮಾಡಬೇಕೇ ಎಂದು ವೈದ್ಯರನ್ನು ಕೇಳಿ. ನೀವಾಗಿ ಇನ್ಸುಲಿನ್ ನಿಲ್ಲಿಸಬೇಡಿ. ಅದೂ ಅಪಾಯವೇ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜು, ಮಾತು ತಡವರಿಸುವುದು ಕಾಣಿಸುತ್ತದೆ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇಲ್ಲಿ ಎರಡು ವಿಷಯ ನೆನಪಿಡಿ. ಮಾತ್ರೆಯ ಹೆಸರಿನಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಏಕೆಂದರೆ ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಗ್ಲಿಮಿಪ್ರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಒಂದೇ ಮಾತ್ರೆಯನ್ನು ನಮ್ಮಲ್ಲಿ ಅನೇಕರು ನುಂಗುತ್ತಿದ್ದಾರೆ. ಪಟ್ಟಿಯ ಹಿಂಬದಿಯಲ್ಲಿ ಬರೆದಿರುವುದನ್ನು ಒಮ್ಮೆ ಓದಿ ನೋಡಿ. ಎರಡನೆಯದಾಗಿ, ಬಿಪಿಗೆ ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ನಡುಕ ಮತ್ತು ಎದೆಬಡಿತ ತಿಳಿಯದೇ ಹೋಗಬಹುದು. ಅವರಿಗೆ ಬೆವರು ಒಂದೇ ಸೂಚನೆ ಎಂದುಕೊಂಡು ಕೂಡಲೇ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ.

ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಅಷ್ಟು ಸುಲಭವಾಗಿ ಕುಸಿಯುವುದಿಲ್ಲ. ಆದರೆ ಹೊಟ್ಟೆ ತೊಳಸುವುದು, ಭೇದಿ ಎರಡು ಔಷಧಗಳಿಂದಲೂ ಬರುವುದರಿಂದ ಮೊದಲ ವಾರಗಳಲ್ಲಿ ಕಷ್ಟವಾಗಬಹುದು.

ಡಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರನ್ನೂ. ಇಂಜೆಕ್ಷನ್‌ನಿಂದ ಊಟವೇ ಸೇರದೆ, ನೀರೂ ಕುಡಿಯದೆ ಇದ್ದಾಗ ಈ ಮಾತ್ರೆ ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳಬಹುದು. ಮೀಟರ್‌ನಲ್ಲಿ ಸಕ್ಕರೆ ತೀರಾ ಹೆಚ್ಚಿಲ್ಲದಿದ್ದರೂ ಇದು ಆಗಬಹುದು ಎಂಬುದೇ ಮೋಸ. ಬಿಡದ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆಗೆ ಹೋಗಿ, ಈ ಮಾತ್ರೆಯ ಹೆಸರನ್ನು ಮೊದಲು ಹೇಳಿ.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮಾತ್ರೆಗಳು ಇದೇ ಜಿಎಲ್‌ಪಿ-1 ದಾರಿಯಲ್ಲೇ ಕೆಲಸ ಮಾಡುತ್ತವೆ. ಇಂಜೆಕ್ಷನ್ ಜೊತೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಮಾನ್ಯವಾಗಿ ವೈದ್ಯರು ಇವನ್ನು ನಿಲ್ಲಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಎರಡೂ ಇದ್ದರೆ ಕೇಳಿ, ಹಣವೂ ಉಳಿಯುತ್ತದೆ.

ಬಿಪಿ ಮಾತ್ರೆ, ನೋವಿನ ಮಾತ್ರೆ ಮತ್ತು ಮೂತ್ರಪಿಂಡ

ತೂಕ ಇಳಿದಂತೆ ರಕ್ತದೊತ್ತಡವೂ ಇಳಿಯುತ್ತದೆ. ಅದು ಸಂತೋಷದ ವಿಷಯ. ಆದರೆ ಹಳೆಯ ಬಿಪಿ ಮಾತ್ರೆಯ ಡೋಸ್ ಹಾಗೇ ಇದ್ದರೆ ತಲೆ ತಿರುಗುತ್ತದೆ. ನಮಾಝ್ ಮಾಡುವವರಿಗೆ ಇದು ಬೇಗ ಗೊತ್ತಾಗುತ್ತದೆ: ಸುಜೂದ್‌ನಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದನ್ನು ನಿಶ್ಶಕ್ತಿ ಎಂದು ಬಿಡಬೇಡಿ. ಕುಳಿತಾಗ ಮತ್ತು ನಿಂತಾಗ ಎರಡೂ ಸಲ ಬಿಪಿ ನೋಡಿಸಿ, ವೈದ್ಯರಿಗೆ ತೋರಿಸಿ.

ಈಗ ಮೂರು ಸೇರಬಾರದ್ದು ಸೇರುವ ಸಂದರ್ಭವನ್ನು ನೋಡೋಣ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್‌ನಂತಹ ಬಿಪಿ ಮಾತ್ರೆ ಒಂದು. ಹೈಡ್ರೊಕ್ಲೋರೊಥಯಾಝೈಡ್, ಫ್ಯೂರೋಸೆಮೈಡ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆ ಇನ್ನೊಂದು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ಮೂರನೆಯದು. ಇವು ಮೂರೂ ಒಟ್ಟಿಗೆ ಇದ್ದರೆ ಮೊದಲೇ ಮೂತ್ರಪಿಂಡಕ್ಕೆ ಭಾರ. ಇಂಜೆಕ್ಷನ್‌ನಿಂದ ಎರಡು ದಿನ ವಾಂತಿ ಭೇದಿಯಾಗಿ ದೇಹ ಒಣಗಿದರೆ ಮೂತ್ರಪಿಂಡ ಹಠಾತ್ತನೆ ಕೈಕೊಡಬಹುದು. ತೂಕ ಹೆಚ್ಚಿದ್ದವರಿಗೆ ಮಂಡಿನೋವು ಸಾಮಾನ್ಯ. ನೋವಿನ ಮಾತ್ರೆಯನ್ನು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ಪಡೆಯುವುದೂ ಸಾಮಾನ್ಯ. ಆದ್ದರಿಂದ ಈ ಅಪಾಯ ದೂರದ್ದಲ್ಲ. ಮಂಡಿನೋವಿಗೆ ಪ್ಯಾರಾಸಿಟಮಾಲ್ ಅಥವಾ ಹಚ್ಚುವ ಮುಲಾಮು ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಇಂಜೆಕ್ಷನ್ ಬರೆದುಕೊಟ್ಟ ದಿನವೇ ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: “ಡಾಕ್ಟ್ರೇ, ವಾಂತಿ ಭೇದಿಯಾಗಿ ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಿಲ್ಲಿಸಬಾರದು?” ಅಂತಹ ದಿನ ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮೂತ್ರ ಕಡಿಮೆಯಾದರೆ, ಅಥವಾ ಒಂದು ದಿನ ಕಳೆದರೂ ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ.

ಥೈರಾಯ್ಡ್, ಹೃದಯ ಮತ್ತು ಇತರ ಔಷಧಗಳು

ಥೈರಾಯ್ಡ್ ಕಡಿಮೆ ಇರುವವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ನುಂಗುತ್ತಾರೆ. ಸೆಮಾಗ್ಲುಟೈಡ್ ಮಾತ್ರೆಯ ರೂಪದಲ್ಲೂ ಸಿಗುತ್ತದೆ, ಹೆಸರು ರೈಬೆಲ್ಸಸ್. ಅದನ್ನೂ ಖಾಲಿ ಹೊಟ್ಟೆಗೆ, ಅರ್ಧ ಲೋಟಕ್ಕಿಂತ ಹೆಚ್ಚಿಲ್ಲದ ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ ಬೇರೇನೂ ತೆಗೆದುಕೊಳ್ಳಬಾರದು. ಎರಡನ್ನೂ ಒಟ್ಟಿಗೆ ನುಂಗಿದಾಗ ಥೈರಾಕ್ಸಿನ್ ರಕ್ತದಲ್ಲಿ ಶೇ. 33ರಷ್ಟು ಹೆಚ್ಚಾಗಿದ್ದು ಅಧ್ಯಯನದಲ್ಲಿ ಕಂಡಿದೆ. ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ತೂಕ ಇಳಿದಂತೆ ಥೈರಾಕ್ಸಿನ್ ಡೋಸ್ ಬದಲಾಗಬೇಕಾಗಬಹುದು. ಎದೆ ಡವಡವ, ನಿದ್ದೆ ಬಾರದಿರುವುದು, ಕೈ ನಡುಗುವುದು ಕಂಡರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸಾಮಾನ್ಯ ಥೈರಾಯ್ಡ್ ಸಮಸ್ಯೆ ಇರುವವರಿಗೆ ಇಂಜೆಕ್ಷನ್ ನಿಷಿದ್ಧವಲ್ಲ. ಆದರೆ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲೀ ರಕ್ತಸಂಬಂಧಿಗಳಿಗಾಗಲೀ ಬಂದಿದ್ದರೆ ಅಂಥವರು ಇದನ್ನು ತೆಗೆದುಕೊಳ್ಳಬಾರದು.

ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುತ್ತಾರೆ. ಊಟದ ಪ್ರಮಾಣ, ಸೊಪ್ಪಿನ ಪ್ರಮಾಣ ಬದಲಾದರೂ ಇವುಗಳ ಪರಿಣಾಮ ಏರುಪೇರಾಗುತ್ತದೆ. ಇಂಜೆಕ್ಷನ್ ಆರಂಭಿಸಿದಾಗ ಮತ್ತು ಡೋಸ್ ಏರಿಸಿದಾಗಲೆಲ್ಲ ಐಎನ್‌ಆರ್ ಪರೀಕ್ಷೆಯನ್ನು ಬೇಗ ಬೇಗ ಮಾಡಿಸಬೇಕು. ಡಿಗಾಕ್ಸಿನ್, ಮೂರ್ಛೆರೋಗದ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ ಇವೂ ಸ್ವಲ್ಪ ಹೆಚ್ಚು ಕಡಿಮೆಯಾದರೂ ತೊಂದರೆ ಕೊಡುವ ಔಷಧಗಳೇ. ದೇಹದಲ್ಲಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಮಾತು. ತೂಕ ಇಳಿಯಿತು, ಕೊಬ್ಬು ಕರಗಿತು ಎಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಅಟೋರ್ವಾಸ್ಟಾಟಿನ್ ಮಾತ್ರೆಗಳನ್ನು ನೀವಾಗಿ ಬಿಡಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತಿರುವುದು ಆ ಮಾತ್ರೆಗಳೇ ಹೊರತು ಕಡಿಮೆಯಾದ ತೂಕವಲ್ಲ.

ಆಪರೇಷನ್ ಅಥವಾ ಎಂಡೋಸ್ಕೋಪಿ ಇದ್ದರೆ ವಾರದ ಇಂಜೆಕ್ಷನ್ ವಿಷಯವನ್ನು ಮುಂಚಿತವಾಗಿ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ರಾತ್ರಿಯಿಂದ ಉಪವಾಸವಿದ್ದರೂ ಜಠರದಲ್ಲಿ ಆಹಾರ ಉಳಿದಿರಬಹುದು. ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಸಹೋದರಿಯರ ಗಮನಕ್ಕೆ

ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರು ಟಿರ್ಜೆಪಟೈಡ್ ಆರಂಭಿಸಿದರೆ ಆ ಮಾತ್ರೆಯ ಬಲ ತಗ್ಗಬಹುದು. ಆರಂಭಿಸಿದ ನಂತರ ನಾಲ್ಕು ವಾರ, ಪ್ರತಿ ಬಾರಿ ಡೋಸ್ ಏರಿಸಿದ ನಂತರವೂ ನಾಲ್ಕು ವಾರ ಬೇರೆ ವಿಧಾನವನ್ನು ಬಳಸಬೇಕೆಂದು ತಯಾರಕರೇ ಸೂಚಿಸಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಮಾಲಾ-ಎನ್ ಬಾಯಿಂದ ನುಂಗುವ ಮಾತ್ರೆ. ಇದಕ್ಕೂ ಈ ಎಚ್ಚರಿಕೆ ಬೇಕು. ಛಾಯಾ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿ. ಕಾಪರ್-ಟಿ ಮತ್ತು ಅಂತರಾ ಇಂಜೆಕ್ಷನ್ ಜಠರದ ಮೂಲಕ ಹೋಗುವುದಿಲ್ಲವಾದ್ದರಿಂದ ಅವುಗಳಿಗೆ ಈ ತೊಂದರೆಯಿಲ್ಲ. ಸೆಮಾಗ್ಲುಟೈಡ್‌ನಿಂದ ಮಾತ್ರೆಯ ಬಲ ಹಾಗೆ ತಗ್ಗುವುದು ಕಂಡಿಲ್ಲ, ಆದರೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಅದು ನುಂಗದಂತೆಯೇ.

ಪಿಸಿಒಡಿ ಇದ್ದು, ಮಕ್ಕಳಾಗುವುದಿಲ್ಲ ಎಂದುಕೊಂಡಿದ್ದವರಿಗೆ ತೂಕ ಇಳಿದಾಗ ಮುಟ್ಟು ಸರಿಯಾಗಿ ಗರ್ಭ ನಿಲ್ಲುವುದುಂಟು. ಗರ್ಭಿಣಿಯರಿಗೆ ಈ ಇಂಜೆಕ್ಷನ್ ಕೂಡದು. ಮಗು ಬೇಕೆಂದಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮುಂಚೆ, ಟಿರ್ಜೆಪಟೈಡನ್ನು ಕನಿಷ್ಠ ಒಂದು ತಿಂಗಳು ಮುಂಚೆ ನಿಲ್ಲಿಸಬೇಕು. ಎದೆಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಮದುವೆಗೆ ಮೊದಲು ಸಣ್ಣಗಾಗಲಿ ಎಂದು ಹೆಣ್ಣುಮಕ್ಕಳಿಗೆ ಈ ಇಂಜೆಕ್ಷನ್ ಕೊಡಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ಅದನ್ನು ಬಿಟ್ಟುಬಿಡಿ. ಇದು ಬಿಎಂಐ 30 ಮತ್ತು ಮೇಲ್ಪಟ್ಟವರಿಗೆ, ಅಥವಾ 27 ಮತ್ತು ಮೇಲಿದ್ದು ಸಕ್ಕರೆ, ಬಿಪಿಯಂತಹ ಕಾಯಿಲೆ ಇರುವವರಿಗೆ ಇರುವ ಔಷಧ.

ರಮಝಾನ್ ಉಪವಾಸ

ರೋಗಿಗಳಿಗೆ ಉಪವಾಸದಲ್ಲಿ ವಿನಾಯಿತಿಯಿದೆ, ಗುಣವಾದ ಮೇಲೆ ಬೇರೆ ದಿನಗಳಲ್ಲಿ ಪೂರೈಸಬಹುದು ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಆದರೂ ಹಲವರು ಉಪವಾಸ ಹಿಡಿಯಲು ಬಯಸುತ್ತಾರೆ. ಅಂಥವರು ಕೊನೆಯ ವಾರದಲ್ಲಿ ವೈದ್ಯರ ಬಳಿ ಓಡಬಾರದು. ಇಂಜೆಕ್ಷನ್ ಆರಂಭಿಸುವುದೂ ಡೋಸ್ ಏರಿಸುವುದೂ ರಮಝಾನ್‌ಗೆ ಕನಿಷ್ಠ ಒಂದೂವರೆ ತಿಂಗಳ ಮೊದಲೇ ಮುಗಿದಿರಬೇಕು. ಅಂದರೆ ರಜಬ್ ತಿಂಗಳಲ್ಲೇ ವೈದ್ಯರನ್ನು ಕಾಣಿ. ಮೊದಲ ವಾರಗಳ ವಾಂತಿ, ಹೊಟ್ಟೆ ತೊಳಸು ಕಳೆದ ಮೇಲಷ್ಟೇ ಹದಿಮೂರು ಹದಿನಾಲ್ಕು ಗಂಟೆ ನೀರಿಲ್ಲದೆ ಇರುವುದು ಸುರಕ್ಷಿತ.

ವಾರದ ಇಂಜೆಕ್ಷನ್ ಅನ್ನು ಇಫ್ತಾರ್ ನಂತರ ಚುಚ್ಚಿಕೊಂಡರೆ ಉಪವಾಸದ ಬಗ್ಗೆ ಸಂಶಯಕ್ಕೇ ಎಡೆಯಿಲ್ಲ. ಹೆಚ್ಚಿನ ಗಮನ ಬೇಕಾದದ್ದು ಉಳಿದ ಮಾತ್ರೆಗಳಿಗೆ. ಗ್ಲಿಮಿಪ್ರೈಡ್ ಮತ್ತು ಇನ್ಸುಲಿನ್‌ನ ಸಹರಿ ಡೋಸ್, ಮೂತ್ರ ಹೆಚ್ಚಿಸುವ ಮಾತ್ರೆಯ ಸಮಯ, ಡಪಾಗ್ಲಿಫ್ಲೋಝಿನ್ ಮುಂದುವರಿಸಬೇಕೇ ಎಂಬುದು, ಥೈರಾಕ್ಸಿನ್ ಯಾವಾಗ ಎಂಬುದು, ಈ ನಾಲ್ಕನ್ನು ಬರೆಸಿಕೊಳ್ಳಿ. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸ ಬಿಡಬೇಕೆಂಬುದು ವೈದ್ಯರ ಸ್ಪಷ್ಟ ಸಲಹೆ. ಮಗ್ರಿಬ್‌ಗೆ ಇನ್ನು ಅರ್ಧ ಗಂಟೆ ಇದೆ ಎಂದು ಕಾಯುತ್ತಾ ಕೂರುವುದು ಸಹನೆಯಲ್ಲ, ಜೀವವನ್ನು ಅಪಾಯಕ್ಕೆ ಒಡ್ಡುವುದು.

ಸೋಮವಾರ, ಗುರುವಾರ ಐಚ್ಛಿಕ ಉಪವಾಸ ಹಿಡಿಯುವವರು ಇಂಜೆಕ್ಷನ್ ದಿನವನ್ನು ಯೋಚಿಸಿ ಆರಿಸಿಕೊಳ್ಳಿ. ಚುಚ್ಚಿಕೊಂಡ ನಂತರದ ಒಂದೆರಡು ದಿನ ಹೊಟ್ಟೆ ತೊಳಸು ಹೆಚ್ಚು.

ಹಂದಿಯ ಅಂಶವಿದೆಯೇ, ಹಲ್ಲಿಯ ವಿಷದಿಂದ ಮಾಡುತ್ತಾರೆಯೇ?

ಈ ಪ್ರಶ್ನೆಗಳನ್ನು ಅನೇಕರು ಕೇಳುತ್ತಾರೆ. ಹಿಂದೆ ಇನ್ಸುಲಿನ್ ಅನ್ನು ಹಂದಿ ಮತ್ತು ದನದ ಗ್ರಂಥಿಯಿಂದ ತೆಗೆಯುತ್ತಿದ್ದುದರಿಂದ ಸಂಶಯ ಸಹಜ. ವೆಗೋವಿಯ ಸೆಮಾಗ್ಲುಟೈಡನ್ನು ಯೀಸ್ಟ್ ಕಣಗಳ ಸಹಾಯದಿಂದ ತಯಾರಿಸುತ್ತಾರೆ. ಟಿರ್ಜೆಪಟೈಡನ್ನು ರಾಸಾಯನಿಕವಾಗಿ ತಯಾರಿಸುತ್ತಾರೆ. ಔಷಧದ ಮೂಲದಲ್ಲಿ ಹಂದಿಯ ಅಂಶವಿಲ್ಲ. ಹಲ್ಲಿಯ ಮಾತಿಗೆ ಒಂದು ಹಿನ್ನೆಲೆಯಿದೆ. ಅಮೆರಿಕದ ಗಿಲಾ ಎಂಬ ವಿಷಯುಕ್ತ ಹಲ್ಲಿಯ ಜೊಲ್ಲಿನಲ್ಲಿ ಜಿಎಲ್‌ಪಿ-1ನ್ನು ಹೋಲುವ ವಸ್ತುವನ್ನು ವಿಜ್ಞಾನಿ ಜಾನ್ ಎಂಗ್ 1992ರಲ್ಲಿ ಗುರುತಿಸಿದರು. ಅದರ ಆಧಾರದಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಎಕ್ಸೆನಟೈಡ್ ಎಂಬ ಔಷಧಕ್ಕೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದಿನ ವಾರದ ಇಂಜೆಕ್ಷನ್‌ಗಳಲ್ಲಿ ಹಲ್ಲಿಯ ವಿಷವಿಲ್ಲ.

ಮನೆಮದ್ದು, ಕಲೋಂಜಿ, ಹಿಜಾಮ

“ಇದು ಔಷಧವಲ್ಲ, ಮನೆಮದ್ದು” ಎಂದು ವೈದ್ಯರಿಗೆ ಹೇಳದೇ ಬಿಡುವ ವಸ್ತುಗಳು ನಮ್ಮಲ್ಲಿ ಬಹಳ. ಮೆಂತ್ಯ, ಹಾಗಲಕಾಯಿ ರಸ, ಮಧುನಾಶಿನಿ, ಕಲೋಂಜಿ ಎಣ್ಣೆ ಇವೆಲ್ಲ ಸ್ವಲ್ಪ ಮಟ್ಟಿಗೆ ಸಕ್ಕರೆ ಇಳಿಸಬಲ್ಲವು. ಅಡುಗೆಯಲ್ಲಿ ಹಾಕುವ ಪ್ರಮಾಣಕ್ಕೆ ಹೆದರಬೇಕಿಲ್ಲ. ಆದರೆ ದಿನವೂ ಲೋಟ ತುಂಬ ಹಾಗಲಕಾಯಿ ರಸ, ಜೊತೆಗೆ ಗ್ಲಿಮಿಪ್ರೈಡ್, ಜೊತೆಗೆ ಇಂಜೆಕ್ಷನ್ ಎಂದರೆ ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಕಲೋಂಜಿಯ ಮೇಲೆ ನಮಗಿರುವ ಗೌರವ ಅದನ್ನು ಲೆಕ್ಕವಿಲ್ಲದೆ ಸೇವಿಸಲು ಕಾರಣವಾಗಬಾರದು. ಯೂನಾನಿ ಅಥವಾ ಆಯುರ್ವೇದ ಔಷಧ ತೆಗೆದುಕೊಳ್ಳುತ್ತಿದ್ದರೆ ಆ ಹಕೀಮರಿಗೂ ಇಂಜೆಕ್ಷನ್ ವಿಷಯ ತಿಳಿಸಿ.

ಮಲಬದ್ಧತೆ ಈ ಇಂಜೆಕ್ಷನ್‌ನ ಸಾಮಾನ್ಯ ತೊಂದರೆ. ಅದಕ್ಕೆ ಇಸಬ್‌ಗೋಲ್ ತೆಗೆದುಕೊಂಡರೆ ನೀರು ಹೆಚ್ಚು ಕುಡಿಯಿರಿ. ಬೇರೆ ಮಾತ್ರೆಗಳಿಗೂ ಅದಕ್ಕೂ ಒಂದೆರಡು ಗಂಟೆ ಅಂತರವಿರಲಿ.

ಹಿಜಾಮ ಮಾಡಿಸುವವರು ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ರಕ್ತ ನಿಲ್ಲುವುದು ಕಷ್ಟ. ಊಟ ಸೇರದೆ ಬಿಪಿ ಇಳಿದಿರುವ ದಿನಗಳಲ್ಲಂತೂ ಬೇಡವೇ ಬೇಡ.

ತೂಕ ಇಳಿಸುವ ಪುಡಿ, ಕಾಫಿ, ಚಹಾ ಎಂದು ಮಾರುವವುಗಳ ಬಗ್ಗೆ ಹೆಚ್ಚು ಎಚ್ಚರವಿರಲಿ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್ ಎಂಬ ಔಷಧ ಇಂತಹ ಪುಡಿಗಳಲ್ಲಿ ಕಲಬೆರಕೆಯಾಗಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಇಂಜೆಕ್ಷನ್ ಜೊತೆ ಇವನ್ನು ಸೇರಿಸಲೇಬೇಡಿ.

ನಾಲ್ಕು ಊರು, ನಾಲ್ಕು ಚೀಟಿ

ಹೊಳೆನರಸೀಪುರದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಸಕ್ಕರೆ ಮತ್ತು ಬಿಪಿ ಮಾತ್ರೆ ಊರಿನ ಆಸ್ಪತ್ರೆಯದ್ದು. ಚನ್ನರಾಯಪಟ್ಟಣದ ಮಗಳ ಮನೆಯಲ್ಲಿದ್ದಾಗ ಅಲ್ಲಿನ ವೈದ್ಯರು ಥೈರಾಯ್ಡ್ ಮಾತ್ರೆ ಬರೆದರು. ಅರಕಲಗೂಡಿನ ತಂಗಿಯ ಮನೆಗೆ ಹೋದಾಗ ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದರು. ಹಾಸನದ ತಜ್ಞರು ವಾರದ ಇಂಜೆಕ್ಷನ್ ಬರೆದರು. ನಾಲ್ವರೂ ತಮಗೆ ತಿಳಿದ ಮಟ್ಟಿಗೆ ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ನಾಲ್ಕನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ. ಔಷಧಗಳ ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರ ಬೇಕಿಲ್ಲ. ಮನೆಯಲ್ಲಿ ಓದು ಬಲ್ಲ ಮಗನೋ ಮಗಳೋ ಸೊಸೆಯೋ ಹೀಗೆ ಮಾಡಬಹುದು:

1. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ. ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಮನೆಮದ್ದು, ಹಕೀಮರ ಪುಡಿ ಯಾವುದನ್ನೂ ಬಿಡಬೇಡಿ.

2. ಒಂದೇ ಹಾಳೆಯಲ್ಲಿ ಬರೆಯಿರಿ: ಕಂಪನಿಯ ಹೆಸರಲ್ಲ, ಒಳಗಿರುವ ಔಷಧದ ಹೆಸರು, ಎಷ್ಟು ಮಿ.ಗ್ರಾಂ., ಯಾವ ಹೊತ್ತಿಗೆ, ಯಾರು ಬರೆದದ್ದು. ಇಂಜೆಕ್ಷನ್ ಹೆಸರು, ಡೋಸ್ ಮತ್ತು ವಾರದ ದಿನ ಮೇಲ್ಗಡೆ ಇರಲಿ. ವೆಗೋವಿ, ಓಝೆಂಪಿಕ್, ರೈಬೆಲ್ಸಸ್ ಮೂರು ಹೆಸರಾದರೂ ಒಳಗಿರುವುದು ಸೆಮಾಗ್ಲುಟೈಡ್ ಒಂದೇ. ಔಷಧದ ಹೆಸರು ಬರೆದಿದ್ದರೆ ಎರಡು ಪಟ್ಟು ಡೋಸ್ ಆಗುವುದು ತಪ್ಪುತ್ತದೆ.

3. ಆ ಹಾಳೆ ಮತ್ತು ಚೀಲವನ್ನು ಇಂಜೆಕ್ಷನ್ ಬರೆಯುವ ವೈದ್ಯರ ಮೇಜಿನ ಮೇಲಿಡಿ. ಗಲ್ಫ್‌ನಿಂದ ಬಂದ ಪೆನ್ ಆದರೂ ಮೊದಲು ಇಲ್ಲಿನ ವೈದ್ಯರಿಗೆ ತೋರಿಸಿ, ಆಮೇಲೆ ಚುಚ್ಚಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲೂ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಈ ಹಾಳೆಯನ್ನೇ ತೋರಿಸಿ.

4. ಆರಂಭಿಸುವ ಮೊದಲು ಸಕ್ಕರೆ, ಮೂರು ತಿಂಗಳ ಸರಾಸರಿ, ಕ್ರಿಯಾಟಿನಿನ್, ಟಿಎಸ್‌ಎಚ್ ಪರೀಕ್ಷೆ ಬಗ್ಗೆ ಕೇಳಿ. ಬಹುಕಾಲದ ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ನರಪರದೆಯನ್ನೂ ಪರೀಕ್ಷಿಸಿಕೊಳ್ಳಿ. ಸಕ್ಕರೆ ಬೇಗನೆ ಇಳಿದಾಗ ಕಣ್ಣಿನ ಹಳೆಯ ತೊಂದರೆ ಹೆಚ್ಚಾಗುವುದುಂಟು.

5. ಡೋಸ್ ಏರಿಸಿದಾಗಲೆಲ್ಲ, ತೂಕ ಐದು ಕಿಲೋ ಇಳಿದಾಗಲೆಲ್ಲ ಹಾಳೆಯನ್ನು ಮತ್ತೆ ತೋರಿಸಿ. ಬದಲಾದದ್ದನ್ನು ತಾರೀಖು ಹಾಕಿ ತಿದ್ದಿ.

6. ಮೆಡಿಕಲ್ ಶಾಪ್‌ನಲ್ಲಿ ಏನನ್ನೇ ಕೊಳ್ಳುವಾಗಲೂ ಬಾಯಿಬಿಟ್ಟು ಹೇಳಿ: “ಅಣ್ಣಾ, ಅಮ್ಮಿ ವಾರಕ್ಕೊಂದು ತೂಕದ ಇಂಜೆಕ್ಷನ್ ತಗೋತಾರೆ, ಬಿಪಿ ಮಾತ್ರೆನೂ ಇದೆ. ಈ ನೋವಿನ ಮಾತ್ರೆ ಆಗುತ್ತಾ?”

ಇಂಜೆಕ್ಷನ್ ಅನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಝರ್‌ನಲ್ಲಿ ಬೇಡ. ಹಾಸನದಿಂದ ಬಸ್ಸಿನಲ್ಲಿ ತರುವಾಗ ಐಸ್ ಚೀಲವಿರುವ ಡಬ್ಬಿಯಲ್ಲಿ, ಐಸ್ ನೇರವಾಗಿ ತಾಗದಂತೆ ತನ್ನಿ. ಒಂದು ವಾರ ಮರೆತರೆ ಟಿರ್ಜೆಪಟೈಡ್ ಆದರೆ ನಾಲ್ಕು ದಿನದೊಳಗೆ, ಸೆಮಾಗ್ಲುಟೈಡ್ ಆದರೆ ಐದು ದಿನದೊಳಗೆ ಚುಚ್ಚಿಕೊಳ್ಳಬಹುದು. ಅದು ಮೀರಿದರೆ ಆ ವಾರ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಚುಚ್ಚಿಕೊಳ್ಳಬೇಡಿ. ಎರಡು ಮೂರು ವಾರ ತಪ್ಪಿದ್ದರೆ ವೈದ್ಯರನ್ನು ಕೇಳದೆ ಹಳೆಯ ಡೋಸ್‌ಗೆ ಮರಳಬೇಡಿ. ಸೂಜಿ ಬದಲಿಸಿದರೂ ಒಬ್ಬರ ಪೆನ್ ಅನ್ನು ಇನ್ನೊಬ್ಬರು ಬಳಸಬಾರದು, ಅಕ್ಕತಂಗಿಯರಾದರೂ ಸರಿಯೇ. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡಿ. ಕಸದ ಗಾಡಿಯವರ ಕೈಗೆ ಅದು ಚುಚ್ಚಬಾರದು.

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೆ ಹರಡಿದರೆ, ಕಣ್ಣು ಹಳದಿಯಾದರೆ, ದೃಷ್ಟಿ ಹಠಾತ್ತನೆ ಮಂಜಾದರೆ, ಮೂತ್ರ ನಿಂತರೆ ಕೂಡಲೇ ಆಸ್ಪತ್ರೆಗೆ ಹೋಗಿ. ಔಷಧದಿಂದ ತೊಂದರೆಯಾಗಿದೆ ಎನಿಸಿದರೆ 1800-180-3024 ಎಂಬ ಸರ್ಕಾರದ ಉಚಿತ ಸಂಖ್ಯೆಗೂ ತಿಳಿಸಬಹುದು.

ಆರೋಗ್ಯ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ಈ ವಾರವೇ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ತೆರೆದು ಆ ಒಂದು ಹಾಳೆಯನ್ನು ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದು ಕೈಯಲ್ಲಿರಲಿ.